ಬ್ರೌಸರ್ ಸಾಕಾ, ಡೆಸ್ಕ್‌ಟಾಪ್ ಆ್ಯಪ್ ಬೇಕಾ? ಪಿಡಬ್ಲ್ಯುಎ, ಎಲೆಕ್ಟ್ರಾನ್, ಟೌರಿ, ಫ್ಲಟರ್ ನಡುವೆ ಒಂದು ಆಯ್ಕೆ

2021ರ ಜನವರಿಯ ಒಂದು ಬೆಳಿಗ್ಗೆ ಅಡಿಕೆ ಮಂಡಿಯಿಂದ ಫೋನ್ ಬಂತು. "ಅಲ್ಲ ಮಾರಾಯ, ನಿನ್ನೆವರೆಗೆ ಸರಿ ಇತ್ತಲ್ಲ, ಈಗ ಪಟ್ಟಿ ತೆಗೆಯೋ ಜಾಗದಲ್ಲಿ ಏನೋ ಗುರುತು ಬಂದು ಕೂತಿದೆ. ಏನಾಯ್ತು?" ಏನಾಯ್ತು ಅಂತ ನನಗೆ ತಕ್ಷಣ ಗೊತ್ತಾಯಿತು. ಅದು ಹತ್ತು ವರ್ಷದ ಹಿಂದೆ ನಾನೇ ಫ್ಲೆಕ್ಸ್ ಎಂಬ ಸಾಧನದಲ್ಲಿ ಬರೆದುಕೊಟ್ಟ ಪುಟ, ಬ್ರೌಸರ್‌ಗೆ ಅಂಟಿಸುವ ಫ್ಲ್ಯಾಶ್ ಪ್ಲೇಯರ್ ಇದ್ದರೆ ಮಾತ್ರ ಓಡುವಂಥದ್ದು. ಆ ತಿಂಗಳ 12ರಿಂದ ಫ್ಲ್ಯಾಶ್ ಪ್ಲೇಯರ್ ಏನನ್ನೂ ಓಡಿಸುವುದಿಲ್ಲ ಎಂದು ಅಡೋಬಿ ಮೊದಲೇ ತಿಳಿಸಿತ್ತು. ಫ್ಲ್ಯಾಶ್ ಮುಗಿಯುತ್ತದೆ ಎಂಬ ಸುದ್ದಿಯಂತೂ 2017ರ ಜುಲೈಯಲ್ಲೇ ಬಂದಿತ್ತು. ಮೂರೂವರೆ ವರ್ಷ ಟೈಮ್ ಇತ್ತು. ನಾನು "ಮಾಡೋಣ ಮಾಡೋಣ" ಅಂತ ಕೂತಿದ್ದೆ. ತಪ್ಪು ಪೂರ್ತಿ ನನ್ನದೇ.

'ರಿಚ್ ಇಂಟರ್ನೆಟ್ ಅಪ್ಲಿಕೇಶನ್' ಎಂಬ ಹೆಸರನ್ನು 2002ರಲ್ಲಿ ಚಾಲ್ತಿಗೆ ತಂದದ್ದು ಆಗ ಫ್ಲ್ಯಾಶ್ ಮಾಡುತ್ತಿದ್ದ ಮ್ಯಾಕ್ರೋಮೀಡಿಯಾ. ಬ್ರೌಸರ್‌ನಲ್ಲಿ ಓಡಬೇಕು, ಆದರೆ ಡೆಸ್ಕ್‌ಟಾಪ್ ಪ್ರೋಗ್ರಾಮ್‌ನಷ್ಟು ಚುರುಕಾಗಿರಬೇಕು ಎಂಬುದು ಆಸೆ. ಆ ಆಸೆಗೆ ಸಾಧನಗಳೂ ಬಂದವು: 2004ರಲ್ಲಿ ಫ್ಲೆಕ್ಸ್, 2007ರಲ್ಲಿ ಸಿಲ್ವರ್‌ಲೈಟ್, 2008ರಲ್ಲಿ ಅಡೋಬಿ ಏರ್ ಮತ್ತು ಜಾವಾಎಫ್ಎಕ್ಸ್. ವೆಬ್‌ಗೆ ಬರೆದದ್ದನ್ನೇ ಡೆಸ್ಕ್‌ಟಾಪ್‌ಗೂ ಕೂರಿಸಬಹುದು ಎಂದು ಏರ್ ಹೇಳಿದಾಗ ನಾವೆಲ್ಲ ಕುಣಿದಾಡಿದ್ದೆವು. ಈಗ ಫ್ಲ್ಯಾಶ್ ಇಲ್ಲ. ಸಿಲ್ವರ್‌ಲೈಟ್‌ಗೆ 2021ರ ಅಕ್ಟೋಬರ್‌ನಲ್ಲಿ ಬೆಂಬಲ ನಿಂತಿತು. ಜಾವಾಎಫ್ಎಕ್ಸ್ ಜಾವಾದಿಂದ ಬೇರೆ ಮನೆ ಮಾಡಿದೆ. ಏರ್ 2019ರಲ್ಲಿ ಹರ್ಮನ್ ಕಂಪನಿಯ ಕೈಗೆ ಹೋಗಿ ಹೇಗೋ ಉಸಿರಾಡುತ್ತಿದೆ. ಅದೇ ಕಾಲದಲ್ಲಿ ಸಾದಾ ಎಚ್‌ಟಿಎಂಎಲ್ ಮತ್ತು ಜಾವಾಸ್ಕ್ರಿಪ್ಟ್‌ನಲ್ಲಿ ಬರೆದ ಪುಟಗಳು ಮಾತ್ರ ಇವತ್ತಿನ ಕ್ರೋಮ್‌ನಲ್ಲೂ ತೆರೆದುಕೊಳ್ಳುತ್ತವೆ. ಅಂದ ಹಾಗೆ, ಹಳೆಯ ಫ್ಲ್ಯಾಶ್ ಆಟಗಳನ್ನು ಈಗ ಬ್ರೌಸರ್‌ನಲ್ಲಿ ಓಡಿಸುವ ರಫಲ್ ಎಂಬ ಪ್ರೋಗ್ರಾಮ್ ಕೂಡ ಬ್ರೌಸರ್ ತಾನೇ ಓಡಿಸಬಲ್ಲ ವೆಬ್ಅಸೆಂಬ್ಲಿ ಎಂಬ ಕೋಡ್ ರೂಪದ ಮೇಲೇ ನಿಂತಿದೆ. ಸೊಸೆಯ ಮನೆಯಲ್ಲಿ ಅತ್ತೆಗೊಂದು ಕೋಣೆ ಸಿಕ್ಕ ಹಾಗೆ.

ಹಾಗಾಗಿ ಈಗ ಯಾರಾದರೂ "ವೆಬ್‌ನಲ್ಲೂ ಬೇಕು, ಡೆಸ್ಕ್‌ಟಾಪ್‌ನಲ್ಲೂ ಬೇಕು, ಯಾವುದರಲ್ಲಿ ಮಾಡೋದು?" ಅಂತ ಕೇಳಿದರೆ ನನ್ನದು ಒಂದೇ ಉತ್ತರ. ಮೊದಲು ಬ್ರೌಸರ್‌ನಲ್ಲಿ ಮಾಡಿ. ಬ್ರೌಸರ್ ಕೈಲಿ ಆಗದ ಒಂದೇ ಒಂದು ಕೆಲಸ ತೋರಿಸಿ, ಆಮೇಲೆ ಡೆಸ್ಕ್‌ಟಾಪ್ ಮಾತು ಶುರು ಮಾಡೋಣ.

ಕೆಲಸ ಏನು ಅಂತ ಮೊದಲು ಹೇಳ್ತೀನಿ

ಹೋಲಿಕೆ ಸುಮ್ನೆ ಗಾಳಿಯಲ್ಲಿ ಮಾಡಿದರೆ ಉಪಯೋಗವಿಲ್ಲ. ಮಂಡಿಯ ಕೌಂಟರನ್ನೇ ತೆಗೆದುಕೊಳ್ಳಿ. ರೈತರು ಚೀಲ ತರುತ್ತಾರೆ. ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಇಟ್ಟರೆ ತೂಕ ಸೀರಿಯಲ್ ಕೇಬಲ್‌ನಲ್ಲಿ ಕಂಪ್ಯೂಟರ್‌ಗೆ ಬರಬೇಕು. ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ಬಗೆ ಆರಿಸಬೇಕು. ಚಿಕ್ಕ ಥರ್ಮಲ್ ಪ್ರಿಂಟರ್‌ನಲ್ಲಿ ಕನ್ನಡದ ಚೀಟಿ ಬರಬೇಕು. ಮಳೆಗಾಲದಲ್ಲಿ ಕರೆಂಟೂ ನೆಟ್ಟೂ ಒಟ್ಟಿಗೆ ಹೋಗುತ್ತವೆ, ಆಗಲೂ ಕೆಲಸ ನಿಲ್ಲಬಾರದು. ರಾತ್ರಿ ಸಾಹುಕಾರರು ಮನೆಯಲ್ಲಿ ಕೂತು ಫೋನಿನಲ್ಲಿ ದಿನದ ಲೆಕ್ಕ ನೋಡಬೇಕು. ಅಲ್ಲಿ ಮೂರು ಕಂಪ್ಯೂಟರ್ ಇವೆ, ಒಂದು ಇನ್ನೂ ವಿಂಡೋಸ್ 7.

ನಿಮ್ಮದು ಕ್ಲಿನಿಕ್ ಆಗಿರಬಹುದು, ದಿನಸಿ ಅಂಗಡಿ ಆಗಿರಬಹುದು. ಪಟ್ಟಿ ಸುಮಾರು ಇದೇ ಇರುತ್ತದೆ.

ಪಿಡಬ್ಲ್ಯುಎ: ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಮಾಡುತ್ತದೆ

ಪ್ರೋಗ್ರೆಸಿವ್ ವೆಬ್ ಆ್ಯಪ್ ಅಂದರೆ ವೆಬ್‌ಸೈಟೇ. ಆದರೆ ಅದನ್ನು ಇನ್‌ಸ್ಟಾಲ್ ಮಾಡಬಹುದು, ನೆಟ್ ಇಲ್ಲದೆಯೂ ತೆರೆಯಬಹುದು. ಹೆಸರು ಹುಟ್ಟಿದ್ದು 2015ರಲ್ಲಿ. ಅದೇ ವರ್ಷ ನವೆಂಬರ್‌ನಲ್ಲಿ ನಮ್ಮ ಬೆಂಗಳೂರಿನ ಫ್ಲಿಪ್‌ಕಾರ್ಟ್ 'ಲೈಟ್' ಎಂಬ ಹೆಸರಿನಲ್ಲಿ ಇಂಥದ್ದೊಂದನ್ನು ಬಿಟ್ಟಿತು. ಜಗತ್ತಿನ ಮೊದಲ ದೊಡ್ಡ ಪಿಡಬ್ಲ್ಯುಎಗಳಲ್ಲಿ ಅದೂ ಒಂದು. ಬ್ರೌಸರ್ ಮತ್ತು ನೆಟ್ ನಡುವೆ ಕೂತು "ಈ ಫೈಲ್ ನನ್ನ ಹತ್ತಿರವೇ ಇದೆ, ಹೊರಗೆ ಹೋಗಬೇಡ" ಎನ್ನುವ ಸರ್ವಿಸ್ ವರ್ಕರ್ ಇದರ ಜೀವ. ಅದು ಓಡಬೇಕಾದರೆ ಸೈಟ್ ಎಚ್‌ಟಿಟಿಪಿಎಸ್‌ನಲ್ಲಿ ಇರಲೇಬೇಕು. ಅದೇ ಕಂಪ್ಯೂಟರ್‌ನಲ್ಲಿ ಲೋಕಲ್‌ಹೋಸ್ಟ್ ಆಗಿ ಓಡಿಸಿದರೆ ಮಾತ್ರ ವಿನಾಯಿತಿ. ಆಫೀಸಿನ ಒಂದು ಕಂಪ್ಯೂಟರನ್ನೇ ಸರ್ವರ್ ಮಾಡಿ ಉಳಿದವನ್ನು ಅದಕ್ಕೆ ಜೋಡಿಸುವವರು ಎಡವುವುದು ಇಲ್ಲೇ.

ತಕ್ಕಡಿಯ ಕೆಲಸ ಬ್ರೌಸರ್‌ನಲ್ಲಿ ಆಗಲ್ಲ ಅಂತಲೇ ನಾನೂ ಅಂದುಕೊಂಡಿದ್ದೆ. ಆಗುತ್ತದೆ. 2021ರ ಮಾರ್ಚ್‌ನಲ್ಲಿ ಬಂದ ಕ್ರೋಮ್ 89ರಿಂದ ಸೀರಿಯಲ್ ಕೇಬಲ್‌ನಲ್ಲಿ ಬಂದದ್ದನ್ನು ಪುಟವೇ ಓದುವ ವೆಬ್ ಸೀರಿಯಲ್ ಸೌಲಭ್ಯ ಇದೆ, ಎಡ್ಜ್‌ನಲ್ಲೂ ಇದೆ. ಮೊದಲ ಸಲ ಬಳಸುವವರು ಒಂದು ಬಟನ್ ಒತ್ತಿ ಪೋರ್ಟ್ ಆರಿಸಬೇಕು. ಆಮೇಲೆ ಅನುಮತಿ ನೆನಪಿರುತ್ತದೆ. ಸಫಾರಿಯಲ್ಲಿ ಇಲ್ಲ. ಕೌಂಟರ್‌ನಲ್ಲಿ ಮ್ಯಾಕ್ ಇಟ್ಟುಕೊಂಡ ಮಂಡಿ ನಾನಂತೂ ನೋಡಿಲ್ಲ, ಹಾಗಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಬಾರ್‌ಕೋಡ್ ಓದುವ ಯಂತ್ರ ಇದ್ದರೆ ಇನ್ನೂ ಸಲೀಸು. ಸಾಮಾನ್ಯವಾಗಿ ಅದು ತಾನು ಕೀಬೋರ್ಡ್ ಅಂತಲೇ ಕಂಪ್ಯೂಟರನ್ನು ನಂಬಿಸುತ್ತದೆ, ಯಾವ ಬ್ರೌಸರ್‌ನಲ್ಲೂ ನಡೆಯುತ್ತದೆ.

ಪ್ರಿಂಟರ್ ಮಾತ್ರ ಕಾಡುತ್ತದೆ. ಬ್ರೌಸರ್‌ನಿಂದ ಪ್ರಿಂಟ್ ಕೊಟ್ಟರೆ ಪ್ರತಿ ಸಲ ಒಂದು ಕಿಟಕಿ ತೆರೆದು "ಪ್ರಿಂಟ್ ಮಾಡ್ಲಾ?" ಅಂತ ಕೇಳುತ್ತದೆ. ಸುಗ್ಗಿಯ ದಿನ ನೂರಾರು ಚೀಟಿ ಹೊಡೆಯುವ ಗುಮಾಸ್ತರಿಗೆ ಇದು ನಿಜವಾಗಿ ತಲೆನೋವು. ಕ್ರೋಮ್ ಶಾರ್ಟ್‌ಕಟ್‌ಗೆ ಕಿಯೋಸ್ಕ್ ಪ್ರಿಂಟಿಂಗ್ ಎಂಬ ಸೂಚನೆ ಸೇರಿಸಿದರೆ ಆ ಕಿಟಕಿ ಬರುವುದಿಲ್ಲ. ವೆಬ್ ಯುಎಸ್‌ಬಿ ಬಳಸಿ ನೇರವಾಗಿ ಪ್ರಿಂಟರ್ ಜೊತೆ ಮಾತಾಡಬಹುದಲ್ಲ ಅಂತ ಕೆಲವರು ಕೇಳುತ್ತಾರೆ. ವಿಂಡೋಸ್‌ನಲ್ಲಿ ಪ್ರಿಂಟರ್ ಡ್ರೈವರ್ ಆ ಯಂತ್ರವನ್ನು ಮೊದಲೇ ಹಿಡಿದುಕೊಂಡಿರುತ್ತದೆ, ಬ್ರೌಸರ್‌ಗೆ ಬಿಟ್ಟುಕೊಡುವುದಿಲ್ಲ. ಡ್ರೈವರ್ ಬದಲಿಸಿದರೆ ದಾರಿ ಇದೆ, ಆದರೆ ಆಗ ಉಳಿದ ಪ್ರೋಗ್ರಾಮ್‌ಗಳಿಗೆ ಪ್ರಿಂಟರ್ ಕಾಣುವುದಿಲ್ಲ.

ಇಲ್ಲೊಂದು ಕನ್ನಡದ್ದೇ ತೊಡಕು. ಸಾಮಾನ್ಯ ಥರ್ಮಲ್ ಪ್ರಿಂಟರ್‌ಗಳ ಒಳಗೆ ಕನ್ನಡ ಅಕ್ಷರ ಇರುವುದಿಲ್ಲ. ಪಠ್ಯವಾಗಿ ಕಳಿಸಿದರೆ ಕಸ ಬರುತ್ತದೆ. ಚೀಟಿಯನ್ನು ಕ್ಯಾನ್ವಾಸ್ (ಪುಟದೊಳಗೆ ಚಿತ್ರ ಬಿಡಿಸುವ ಹಲಗೆ) ಮೇಲೆ ಚಿತ್ರವಾಗಿ ಬರೆದು, ಆ ಚಿತ್ರವನ್ನು ಕಳಿಸಬೇಕು. 80 ಮಿಲಿಮೀಟರ್ ಕಾಗದಕ್ಕೆ ಸಾಮಾನ್ಯವಾಗಿ 576 ಚುಕ್ಕೆ ಅಗಲ, 58 ಮಿಲಿಮೀಟರ್‌ಗೆ 384. ಯಾವ ತಂತ್ರಜ್ಞಾನ ಆರಿಸಿದರೂ ಈ ಕೆಲಸ ತಪ್ಪಿದ್ದಲ್ಲ. ಹಾಗಾಗಿ ಇದನ್ನು ಮೊದಲೇ ಒಂದು ಸಲ ಮಾಡಿ ಮುಗಿಸಿಬಿಡಿ.

ಲೆಕ್ಕ ಎಲ್ಲಿ ಉಳಿಯುತ್ತದೆ ಎಂಬುದು ಪ್ರಿಂಟರ್‌ಗಿಂತ ದೊಡ್ಡ ಪ್ರಶ್ನೆ. ಬ್ರೌಸರ್ ಒಳಗೇ ಇಂಡೆಕ್ಸೆಡ್‌ಡಿಬಿ ಎಂಬ ಡೇಟಾಬೇಸ್ ಇದೆ. 2022ರ ಕೊನೆಯಿಂದ ಎಸ್‌ಕ್ಯೂಲೈಟ್ ಎಂಬ ಚಿಕ್ಕ ಡೇಟಾಬೇಸಿನ ತಂಡವೇ ಬ್ರೌಸರ್‌ಗೆಂದು ತಯಾರಿಸಿದ ಆವೃತ್ತಿಯೂ ಇದೆ. ಜಾಗಕ್ಕೆ ಬರವಿಲ್ಲ. ಆದರೆ ಡಿಸ್ಕ್ ತುಂಬಿದರೆ ಬ್ರೌಸರ್ ಅದನ್ನು ಅಳಿಸಬಹುದು. ಸಫಾರಿಯಲ್ಲಿ ಏಳು ದಿನ ಬಳಸದ ಸೈಟಿನ ಡೇಟಾ ಹೋಗುತ್ತದೆ, ಹೋಮ್ ಸ್ಕ್ರೀನ್‌ಗೆ ಸೇರಿಸಿಕೊಂಡ ಆ್ಯಪ್‌ಗೆ ಆ ನಿಯಮ ಇಲ್ಲ. ಶಾಶ್ವತವಾಗಿ ಇಟ್ಟುಕೋ ಅಂತ ಕೋರಬಹುದು, ಬಹುಪಾಲು ಒಪ್ಪುತ್ತದೆ. ಅಷ್ಟಾದರೂ ಯಾರದೋ ಮಗ ಬಂದು "ಕಂಪ್ಯೂಟರ್ ಸ್ಲೋ ಆಗಿದೆ" ಅಂತ ಹಿಸ್ಟರಿ ಜೊತೆ ಎಲ್ಲವನ್ನೂ ಕ್ಲಿಯರ್ ಮಾಡಿದರೆ ಮುಗಿಯಿತು. ಬ್ರೌಸರ್‌ನ ಸಂಗ್ರಹ ಅಂದರೆ ಗಲ್ಲಾ ಪೆಟ್ಟಿಗೆ ಇದ್ದ ಹಾಗೆ. ದಿನದ ದುಡ್ಡು ಅಲ್ಲಿರಲಿ, ಆಸ್ತಿಪತ್ರ ಬೇಡ. ನೆಟ್ ಬಂದ ತಕ್ಷಣ ಸರ್ವರ್‌ಗೆ ಹೋಗುವ ವ್ಯವಸ್ಥೆ ಇಲ್ಲದಿದ್ದರೆ ಪಿಡಬ್ಲ್ಯುಎ ಕಡೆ ಹೋಗಲೇಬೇಡಿ.

ಎಲೆಕ್ಟ್ರಾನ್: ದಪ್ಪ, ಆದರೆ ನಂಬಿಕಸ್ಥ

ವೆಬ್ ಪುಟವನ್ನೇ ಡೆಸ್ಕ್‌ಟಾಪ್ ಆ್ಯಪ್ ಮಾಡುವ ಸಾಧನ ಇದು. 2013ರಲ್ಲಿ ಗಿಟ್‌ಹಬ್‌ನವರು ಕೋಡ್ ಬರೆಯುವ ತಮ್ಮ ಆಟಮ್ ಎಡಿಟರ್‌ಗಾಗಿ ಆಟಮ್ ಶೆಲ್ ಎಂದು ಮಾಡಿಕೊಂಡದ್ದು, 2015ರಲ್ಲಿ ಎಲೆಕ್ಟ್ರಾನ್ ಆಯಿತು. ಆಟಮ್ 2022ರ ಡಿಸೆಂಬರ್‌ನಲ್ಲಿ ಕಣ್ಣು ಮುಚ್ಚಿತು, ಅದರ ಮಗು ಊರೆಲ್ಲ ತಿರುಗುತ್ತಿದೆ. ವಿಎಸ್ ಕೋಡ್, ಸ್ಲ್ಯಾಕ್, ಡಿಸ್ಕಾರ್ಡ್ ಎಲ್ಲ ಇದರಲ್ಲೇ ನಿಂತಿವೆ.

ನಿಮ್ಮ ಆ್ಯಪ್ ಜೊತೆ ಕ್ರೋಮ್‌ಗೆ ಮೂಲವಾದ ಇಡೀ ಕ್ರೋಮಿಯಂ ಬ್ರೌಸರ್ ಮತ್ತು ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಕೂಡ ಪ್ಯಾಕ್ ಆಗುತ್ತವೆ. ಅದಕ್ಕೇ ಚಿಕ್ಕ ಆ್ಯಪ್ ಕೂಡ 80–100 ಎಂಬಿ ಮೇಲೇ ಇರುತ್ತದೆ, ಮೆಮೊರಿಯೂ ಜಾಸ್ತಿ ತಿನ್ನುತ್ತದೆ. 4 ಜಿಬಿ ಕಂಪ್ಯೂಟರ್‌ನಲ್ಲಿ ಇಂಥ ಮೂರು ಆ್ಯಪ್ ತೆರೆದರೆ ಫ್ಯಾನ್ ಸದ್ದಿಗೆ ಅಕ್ಕಪಕ್ಕದವರು ತಿರುಗಿ ನೋಡುತ್ತಾರೆ.

ಇದನ್ನು ಬೈಯುವುದು ಈಗ ಫ್ಯಾಷನ್. ನಾನು ಅಷ್ಟು ಬೈಯುವುದಿಲ್ಲ. ಆ ತೂಕಕ್ಕೆ ಪ್ರತಿಯಾಗಿ ಒಂದು ನೆಮ್ಮದಿ ಸಿಗುತ್ತದೆ. ನಿಮ್ಮ ಟೇಬಲ್ ಮೇಲೆ ಕಂಡದ್ದೇ ಗ್ರಾಹಕರ ಟೇಬಲ್ ಮೇಲೂ ಕಾಣುತ್ತದೆ, ಯಾಕಂದರೆ ಬ್ರೌಸರ್ ಅದೇ. ಕೇಳದೆ ಪ್ರಿಂಟ್ ಮಾಡಬಹುದು, ಯಾವ ಫೋಲ್ಡರ್‌ಗಾದರೂ ಬ್ಯಾಕಪ್ ಬರೆಯಬಹುದು, ತಕ್ಕಡಿ ಓದುವ ಲೈಬ್ರರಿಗಳು ತಯಾರಾಗಿವೆ. ಸಿಕ್ಕಿಹಾಕಿಕೊಂಡರೆ ಅದೇ ತೊಂದರೆ ಮೊದಲೇ ಯಾರಿಗೋ ಬಂದು, ಉತ್ತರವೂ ಎಲ್ಲೋ ಇರುತ್ತದೆ.

ಬೆಲೆ ಕಟ್ಟುವುದು ಆಮೇಲೆ. ಎಂಟು ವಾರಕ್ಕೊಂದು ದೊಡ್ಡ ಆವೃತ್ತಿ ಬರುತ್ತದೆ, ಹೊಸ ಮೂರಕ್ಕೆ ಮಾತ್ರ ಬೆಂಬಲ. ಅಂದರೆ ಸುಮಾರು ಆರು ತಿಂಗಳು ನೀವು ಸುಮ್ನೆ ಕೂತರೆ, ಗ್ರಾಹಕರ ಕಂಪ್ಯೂಟರ್‌ನಲ್ಲಿ ಭದ್ರತೆಯ ತೂತಿರುವ ಹಳೆಯ ಬ್ರೌಸರ್ ಓಡುತ್ತಿರುತ್ತದೆ. ವರ್ಷಕ್ಕೆರಡು ಸಲವಾದರೂ ಮುಟ್ಟುತ್ತೇನೆ ಎಂಬ ಒಪ್ಪಂದ ಇಲ್ಲದಿದ್ದರೆ ಎಲೆಕ್ಟ್ರಾನ್ ಬೇಡ. ಇನ್ನೊಂದು, ಹೊರಗಿನ ಸೈಟಿನ ಪುಟವನ್ನು ಇದರೊಳಗೆ ತೆರೆಯಬೇಡಿ. ವೆಬ್‌ನಲ್ಲಿ ಚಿಕ್ಕ ತಪ್ಪಾಗಿ ಉಳಿಯುವಂಥದ್ದು ಇಲ್ಲಿ ಇಡೀ ಕಂಪ್ಯೂಟರನ್ನೇ ಬೇರೆಯವರ ಕೈಗೆ ಕೊಡಬಹುದು. ಆವೃತ್ತಿ 5 ಮತ್ತು 12ರಲ್ಲಿ ಪುಟದಿಂದ ಕಂಪ್ಯೂಟರ್‌ಗೆ ಹೋಗುವ ಈ ಬಾಗಿಲುಗಳನ್ನು ತಾವಾಗಿಯೇ ಮುಚ್ಚಿರುವಂತೆ ಮಾಡಿದ್ದಾರೆ. ಹಳೆಯ ಪಾಠ ನೋಡಿ ಅವನ್ನು ತೆರೆದಿಡುವವರು ಇನ್ನೂ ಇದ್ದಾರೆ.

ವಿಂಡೋಸ್ 7 ಯಂತ್ರ ಇದೆಯಲ್ಲ, ಅದಕ್ಕಾಗಿ ಎಲೆಕ್ಟ್ರಾನ್ ಅಂತ ಯೋಚಿಸಬೇಡಿ. ಎಲೆಕ್ಟ್ರಾನ್ 22ಕ್ಕೆ ವಿಂಡೋಸ್ 7ರ ಬೆಂಬಲ ಮುಗಿಯಿತು. ಕ್ರೋಮ್ 109ಕ್ಕೆ ನಿಂತಿತು. ಆ್ಯಪ್‌ಗಳ ಒಳಗೆ ವೆಬ್ ಪುಟ ತೋರಿಸಲು ವಿಂಡೋಸ್‌ನಲ್ಲಿರುವ ವೆಬ್‌ವ್ಯೂ2 ಕೂಡ ಅಲ್ಲಿಗೇ ನಿಂತಿತು. ಆ ಕಂಪ್ಯೂಟರ್ ಬದಲಿಸುವ ಖರ್ಚು ನಿಮ್ಮ ಒಂದು ವಾರದ ಕೂಲಿಗಿಂತ ಕಡಿಮೆ. ಸಾಹುಕಾರರಿಗೆ ನೇರವಾಗಿ ಹೇಳಿ.

ಟೌರಿ: ಹಗುರ, ಆದರೆ ಮೂರು ಕಡೆ ಪರೀಕ್ಷೆ

ಟೌರಿ 1.0 ಬಂದದ್ದು 2022ರ ಜೂನ್‌ನಲ್ಲಿ, 2.0 ಬಂದದ್ದು 2024ರ ಅಕ್ಟೋಬರ್‌ನಲ್ಲಿ. ಇದೂ ವೆಬ್ ಪುಟವನ್ನೇ ಡೆಸ್ಕ್‌ಟಾಪ್ ಆ್ಯಪ್ ಮಾಡುತ್ತದೆ, ಆದರೆ ಬ್ರೌಸರನ್ನು ಹೊತ್ತುಕೊಂಡು ಬರುವುದಿಲ್ಲ. ಕಂಪ್ಯೂಟರ್‌ನಲ್ಲಿ ಇರುವುದನ್ನೇ ಬಳಸುತ್ತದೆ: ವಿಂಡೋಸ್‌ನಲ್ಲಿ ವೆಬ್‌ವ್ಯೂ2, ಮ್ಯಾಕ್‌ನಲ್ಲಿ ಆ್ಯಪಲ್‌ನ ವೆಬ್‌ಕಿಟ್, ಲಿನಕ್ಸ್‌ನಲ್ಲಿ ವೆಬ್‌ಕಿಟ್ ಜಿಟಿಕೆ. ಪರದೆಯ ಹಿಂದೆ ನಡೆಯುವ ಕೆಲಸವನ್ನೆಲ್ಲ ರಸ್ಟ್ ಭಾಷೆಯಲ್ಲಿ ಬರೆಯಬೇಕು. ಹಾಗಾಗಿ ಆ್ಯಪ್ ಕೆಲವೇ ಎಂಬಿ. ಹಳ್ಳಿಯಲ್ಲಿ ಫೋನಿನ ಹಾಟ್‌ಸ್ಪಾಟ್ ಹಾಕಿಕೊಂಡು ಅಪ್‌ಡೇಟ್ ಇಳಿಸುವವರಿಗೆ 5 ಎಂಬಿಗೂ 90 ಎಂಬಿಗೂ ಇರುವ ವ್ಯತ್ಯಾಸ ನಾವು ಬೆಂಗಳೂರಿನಲ್ಲಿ ಕೂತು ಊಹಿಸುವಷ್ಟು ಚಿಕ್ಕದಲ್ಲ.

ಬ್ರೌಸರ್‌ನ ಭದ್ರತೆಯ ತೇಪೆ ನಿಮ್ಮ ತಲೆನೋವಲ್ಲ, ಆಪರೇಟಿಂಗ್ ಸಿಸ್ಟಮ್ ನೋಡಿಕೊಳ್ಳುತ್ತದೆ. ಯಾವ ಫೋಲ್ಡರ್ ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಎಂದು ಮೊದಲೇ ಬರೆದು ಕೊಡಬೇಕು, ಅದೂ ಒಳ್ಳೆಯದೇ. ಮೈಕ್ರೋಸಾಫ್ಟ್ ಕೂಡ 2023ರ ಹೊಸ ಟೀಮ್ಸ್‌ನಲ್ಲಿ ಎಲೆಕ್ಟ್ರಾನ್ ಬಿಟ್ಟು ವೆಬ್‌ವ್ಯೂ2ಗೆ ಬಂತು. ಅದು ಟೌರಿ ಅಲ್ಲ, ಆದರೆ ಯೋಚನೆ ಅದೇ.

ತೊಡಕು ಎಲ್ಲಿ? ಮೂರು ಆಪರೇಟಿಂಗ್ ಸಿಸ್ಟಮ್ ಅಂದರೆ ಮೂರು ಬೇರೆ ಬ್ರೌಸರ್. ವಿಂಡೋಸ್‌ನಲ್ಲಿ ಚೆನ್ನಾಗಿ ಕಂಡ ಪುಟ ಲಿನಕ್ಸ್‌ನಲ್ಲಿ ಅರ್ಧ ಗೆರೆ ಜಾರಿರುತ್ತದೆ. ಹಳೆಯ ಮ್ಯಾಕ್‌ನಲ್ಲಿ ವೆಬ್‌ಕಿಟ್ ಕೂಡ ಹಳೆಯದೇ. ಕನ್ನಡದಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ವಿಂಡೋಸ್ ನಿರ್ಮಲಾ ಯುಐ ಫಾಂಟ್ ಹಿಡಿಯುತ್ತದೆ, ಮ್ಯಾಕ್ ತನ್ನಲ್ಲಿರುವ ಬೇರೊಂದು ಕನ್ನಡ ಫಾಂಟ್ ಹಿಡಿಯುತ್ತದೆ, ಲಿನಕ್ಸ್ ಲೋಹಿತ್ ಇದ್ದರೆ ಲೋಹಿತ್. ಮೂರರಲ್ಲೂ ಅಗಲ ಎತ್ತರ ಬೇರೆ ಬೇರೆ. ನೋಟೊ ಸಾನ್ಸ್ ಕನ್ನಡದಂಥ ಒಂದು ಫಾಂಟನ್ನು ಆ್ಯಪ್ ಜೊತೆಗೇ ಇಟ್ಟುಬಿಡಿ. ಸಾಲಿನ ಎತ್ತರ ಅಕ್ಷರದ ಒಂದೂವರೆ ಪಟ್ಟಾದರೂ ಇರಲಿ. ಇಂಗ್ಲಿಷ್ ಅಳತೆಯಲ್ಲಿ ಕೊರೆದ ಬಟನ್ ಒಳಗೆ 'ರಾಷ್ಟ್ರ' ಅಂತ ಬರೆದು ನೋಡಿ, ಒತ್ತಿನ ಕೆಳಗಿನ ಒತ್ತು ಕತ್ತರಿಸಿ ಹೋಗಿರುತ್ತದೆ.

ಸದ್ದಿಲ್ಲದ ಪ್ರಿಂಟ್, ಸೀರಿಯಲ್ ಪೋರ್ಟ್ ಎರಡೂ ರಸ್ಟ್ ಕಡೆಯಿಂದ ಮಾಡಬೇಕು. ತಂಡದಲ್ಲಿ ರಸ್ಟ್ ಓದಬಲ್ಲವರು ಒಬ್ಬರೂ ಇಲ್ಲದಿದ್ದರೆ, ಅಲ್ಲಿ ಒಂದು ತಪ್ಪು ಹುಡುಕಲು ನೀವು ಕಳೆಯುವ ದಿನಗಳಲ್ಲಿ ಉಳಿಸಿದ ಎಂಬಿಗಳೆಲ್ಲ ಕರಗಿಹೋಗುತ್ತವೆ.

ಫ್ಲಟರ್: ಫೋನ್ ಮುಖ್ಯವಾದರೆ ಸರಿ

ಆ್ಯಪ್ ಕಟ್ಟುವ ಗೂಗಲ್‌ನ ಸಾಧನ ಫ್ಲಟರ್, ಫೋನ್‌ಗೆ ಹುಟ್ಟಿದ್ದು. 2021ರಲ್ಲಿ ವೆಬ್ಬಿಗೂ 2022ರಲ್ಲಿ ವಿಂಡೋಸ್, ಮ್ಯಾಕ್, ಲಿನಕ್ಸ್‌ಗೂ ಪಕ್ಕಾ ಆವೃತ್ತಿ ಬಂತು. ಆಂಡ್ರಾಯ್ಡ್ ಆ್ಯಪ್ಪೇ ನಿಮ್ಮ ಮುಖ್ಯ ಸರಕಾಗಿದ್ದು, ಡೆಸ್ಕ್‌ಟಾಪ್ ಅದರ ಜೊತೆಗೆ ಬರಲಿ ಅಂತಿದ್ದರೆ ಇದು ಒಳ್ಳೆಯ ಆಯ್ಕೆ. ಡೆಸ್ಕ್‌ಟಾಪ್‌ನಲ್ಲಿ ನಿಜಕ್ಕೂ ಚುರುಕಾಗಿದೆ.

ವೆಬ್‌ಗೆ ಮಾತ್ರ ನಾನು ಇದನ್ನು ಹೇಳುವುದಿಲ್ಲ. ಫ್ಲಟರ್ ಪುಟವನ್ನು ಎಚ್‌ಟಿಎಂಎಲ್ ಆಗಿ ಕಟ್ಟುವುದಿಲ್ಲ, ಕ್ಯಾನ್ವಾಸ್ ಮೇಲೆ ಚಿತ್ರದಂತೆ ಬಿಡಿಸುತ್ತದೆ. ಬಿಡಿಸುವ ಕ್ಯಾನ್ವಾಸ್‌ಕಿಟ್ ಇಳಿಸಲು ಮೊದಲೇ ಸುಮಾರು 1.5 ಎಂಬಿ ಹೋಗುತ್ತದೆ. ಕಂಟ್ರೋಲ್ ಎಫ್ ಒತ್ತಿ ರೈತರ ಹೆಸರು ಹುಡುಕಿದರೆ ಬ್ರೌಸರ್‌ಗೆ ಏನೂ ಸಿಗುವುದಿಲ್ಲ. ಕನ್ನಡದ ಫಾಂಟ್ ನೀವೇ ಸೇರಿಸದಿದ್ದರೆ ಅದು ಗೂಗಲ್ ಸರ್ವರ್‌ನಿಂದ ನೋಟೊ ಫಾಂಟ್ ತರಿಸಿಕೊಳ್ಳುತ್ತದೆ. ಅಲ್ಲಿಯವರೆಗೆ ಪರದೆ ಮೇಲೆ ಬರೀ ಡಬ್ಬಿಗಳು. ನೆಟ್ ಇಲ್ಲದಿದ್ದರೆ ಡಬ್ಬಿಗಳೇ ಗತಿ. ಫಾಂಟ್ ಜೊತೆಗಿಟ್ಟರೆ ಇದು ಸರಿಹೋಗುತ್ತದೆ, ಹುಡುಕಾಟದ ತೊಂದರೆ ಹೋಗುವುದಿಲ್ಲ.

ಆಮೇಲೆ ಕ್ಯೂಟಿ, ಡಾಟ್‌ನೆಟ್ ಮಾಯಿ, ವೇಲ್ಸ್ ಎಂಬ ಸಾಧನಗಳೆಲ್ಲ ಇವೆ. ಕ್ಯೂಟಿ ಗಟ್ಟಿ ಆಸಾಮಿ, ಆದರೆ ಅದರ ಲೈಸೆನ್ಸ್ ಷರತ್ತು ಓದದೆ ಕೈ ಹಾಕಬೇಡಿ. ಮಾಯಿಗೆ ಲಿನಕ್ಸ್ ಇಲ್ಲ. ನಿಮ್ಮ ತಂಡಕ್ಕೆ ಮೊದಲೇ ಮಾಯಿಯ ಸಿ ಶಾರ್ಪ್ ಭಾಷೆ ಅಥವಾ ವೇಲ್ಸ್‌ನ ಗೋ ಭಾಷೆ ಗೊತ್ತಿದ್ದರೆ ನೋಡಿ, ಇಲ್ಲದಿದ್ದರೆ ಹೊಸದಾಗಿ ಕಲಿಯಲು ಇದು ಕಾರಣವಾಗಬೇಕಿಲ್ಲ. ಪುಟ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ ರಿಯಾಕ್ಟಾ, ವ್ಯೂ ನಾ, ಸ್ವೆಲ್ಟಾ ಎಂಬ ಜಗಳಕ್ಕೆ ನಾನು ಬರುವುದೇ ಇಲ್ಲ. ಮೇಲಿನ ಮೊದಲ ಮೂರರಲ್ಲಿ ಯಾವುದು ಹಾಕಿದರೂ ಓಡುತ್ತದೆ.

ಯಾರೂ ಮೊದಲು ಹೇಳದ ಖರ್ಚು

ಡೆಸ್ಕ್‌ಟಾಪ್ ಆ್ಯಪ್ ಹಂಚುತ್ತೀರಿ ಅಂದರೆ, ಅದು ನಿಮ್ಮದೇ ಎಂದು ತೋರಿಸುವ ಡಿಜಿಟಲ್ ಸಹಿ ಬೇಕು. ಮ್ಯಾಕ್‌ಗೆ ಆ್ಯಪಲ್‌ನ ಡೆವಲಪರ್ ಸದಸ್ಯತ್ವ ವರ್ಷಕ್ಕೆ 99 ಡಾಲರ್. ವಿಂಡೋಸ್‌ನಲ್ಲಿ ಸಹಿ ಇಲ್ಲದಿದ್ದರೆ ಸ್ಮಾರ್ಟ್‌ಸ್ಕ್ರೀನ್ ನೀಲಿ ಕಿಟಕಿ ತೋರಿಸಿ ಗ್ರಾಹಕರನ್ನು ಹೆದರಿಸುತ್ತದೆ. 2023ರ ಜೂನ್‌ನಿಂದ ಸಹಿಯ ಕೀಲಿಯನ್ನು ಸುಮ್ನೆ ಫೈಲ್ ಆಗಿ ಕೊಡುವುದಿಲ್ಲ, ಯುಎಸ್‌ಬಿ ಟೋಕನ್‌ನಂಥ ಭದ್ರ ಯಂತ್ರದಲ್ಲೇ ಇಡಬೇಕು. ಒಬ್ಬರೇ ಕೆಲಸ ಮಾಡುವವರಿಗೆ ಈ ಖರ್ಚು ಚುಚ್ಚುತ್ತದೆ. ಪಿಡಬ್ಲ್ಯುಎಗೆ ಇದ್ಯಾವುದೂ ಇಲ್ಲ. ಡೊಮೇನ್ ಇದ್ದರೆ ಆಯಿತು.

ಅಪ್‌ಡೇಟ್ ಕೂಡ ಹಾಗೇ. ವೆಬ್‌ನಲ್ಲಿ ಸರ್ವರ್ ಬದಲಿಸಿದರೆ ಎಲ್ಲರಿಗೂ ಹೊಸದು. ಡೆಸ್ಕ್‌ಟಾಪ್‌ನಲ್ಲಿ ಒಬ್ಬರ ಹತ್ತಿರ ಮಾರ್ಚ್‌ದು, ಇನ್ನೊಬ್ಬರ ಹತ್ತಿರ ದೀಪಾವಳಿ ಹೊತ್ತಿನದು. ಫೋನ್ ಬಂದಾಗ ಮೊದಲ ಪ್ರಶ್ನೆ "ಸರ್, ನಿಮ್ಮದು ಯಾವ ವರ್ಷನ್?" ಎಂದೇ ಆಗುತ್ತದೆ. ಅವರಿಗೆ ಗೊತ್ತಿರುವುದಿಲ್ಲ.

ಮಂಡಿಯಲ್ಲಿ ಕೊನೆಗೆ ಮಾಡಿದ್ದು

ನಾನು ಎಲ್ಲವನ್ನೂ ಪಿಡಬ್ಲ್ಯುಎ ಆಗಿ ಕಟ್ಟಿದೆ. ತಕ್ಕಡಿ ವೆಬ್ ಸೀರಿಯಲ್‌ನಲ್ಲಿ ಓಡಿತು, ಫೋನಿನಲ್ಲಿ ಸಾಹುಕಾರರಿಗೆ ಲೆಕ್ಕ ಕಂಡಿತು. ಪ್ರಿಂಟ್‌ಗೆ ಕಿಯೋಸ್ಕ್ ಶಾರ್ಟ್‌ಕಟ್ ಇಟ್ಟೆ. ಎರಡು ತಿಂಗಳು ಚೆನ್ನಾಗಿತ್ತು. ಆಮೇಲೆ ಯಾರೋ ಡೆಸ್ಕ್‌ಟಾಪ್ ಸ್ವಚ್ಛ ಮಾಡುವಾಗ ಆ ಶಾರ್ಟ್‌ಕಟ್ ಅಳಿಸಿದರು. ಗುಮಾಸ್ತರು ಸಾದಾ ಕ್ರೋಮ್ ತೆರೆದರು. ಮತ್ತೆ ಅದೇ ಪ್ರಿಂಟ್ ಕಿಟಕಿ. ಸರಿಮಾಡಿ ಬಂದೆ. ಮತ್ತೊಮ್ಮೆ ಹಾಗೇ ಆಯಿತು.

ಆಗ ನನಗೆ ಬ್ರೌಸರ್ ಮಾಡಲಾಗದ ಆ ಒಂದು ಕೆಲಸ ಸಿಕ್ಕಿತು. ಚೀಟಿ ಹೊಡೆಯುವ ಒಂದೇ ಒಂದು ಕಂಪ್ಯೂಟರ್‌ಗೆ ಎಲೆಕ್ಟ್ರಾನ್ ಹಾಕಿದೆ. ಇಡೀ ಆ್ಯಪ್ ಮತ್ತೆ ಬರೆಯಬೇಕಾಗಲಿಲ್ಲ, ಯಾಕಂದರೆ ತೂಕ ಓದುವುದು, ಚೀಟಿ ಮುದ್ರಿಸುವುದು, ಬ್ಯಾಕಪ್ ಉಳಿಸುವುದು ಈ ಮೂರನ್ನು ಮೊದಲೇ ಬೇರೆ ಫೈಲಿನಲ್ಲಿ ಇಟ್ಟಿದ್ದೆ. ಉಳಿದ ಕೋಡ್‌ಗೆ ತಾನು ಕ್ರೋಮ್‌ನಲ್ಲಿ ಇದ್ದೇನಾ ಎಲೆಕ್ಟ್ರಾನ್‌ನಲ್ಲಿ ಇದ್ದೇನಾ ಅಂತ ಗೊತ್ತೇ ಇಲ್ಲ. ಆ ಒಂದು ಫೈಲ್ ಬದಲಿಸಿದೆ, ಮೂರು ದಿನದಲ್ಲಿ ಮುಗಿಯಿತು. ಇದೇ ಆ್ಯಪನ್ನು ಐವತ್ತು ಮಂಡಿಗೆ ಮಾರುವುದಾಗಿದ್ದರೆ ಅಲ್ಲಿ ಟೌರಿ ಹಾಕುತ್ತಿದ್ದೆ. ಒಂದು ಕಂಪ್ಯೂಟರ್‌ಗೆ 100 ಎಂಬಿ ಯಾರಿಗೂ ಭಾರವಲ್ಲ.

ವಿಂಡೋಸ್ 7 ಯಂತ್ರ ಇನ್ನೂ ಅಲ್ಲೇ ಇದೆ. ಹಳೆಯ ಪಟ್ಟಿಗಳ ಎಕ್ಸೆಲ್ ಫೈಲ್ ನೋಡಲು ತೆರೆಯುತ್ತಾರೆ ಅಷ್ಟೇ. ನೆಟ್ ಕೇಬಲ್ ನಾನೇ ಕಿತ್ತು ಡ್ರಾಯರ್‌ನಲ್ಲಿ ಹಾಕಿದ್ದೇನೆ.